ಅಕ್ಕ ಯಾರು

ಸಣ್ಣ ಮಗಳು ದಾನುವನ್ನು ಬೆಳಗಾವಿಯಲ್ಲೇ ಇಟ್ಟುಕೊಂಡರೆ ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ ಮೂರೂವರೆ ಸಾವಿರ, ಬಿಟ್ಟು ಕರೆತರಲು ಆಟೋಗೆ ಹನ್ನೆರಡು ನೂರು. ಖಾನಾಪುರದಲ್ಲಿ ಅಜ್ಜಿಯ ಹತ್ತಿರ ಬಿಟ್ಟರೆ ಸೊನ್ನೆ. ಭಾನುವಾರ ಹೋಗಿ ನೋಡಿ ಬರಲು ಬಸ್ಸಿನಲ್ಲಿ ಪ್ರಮಿಳಾಗೂ ದೊಡ್ಡ ಮಗಳು ನಿಖಿತಾಗೂ ಚಾರ್ಜಿಲ್ಲ, ಗಂಡ ಶಿವಲಿಂಗನದೊಂದೇ ಟಿಕೇಟು. ಬರಿಗೈಯಲ್ಲಿ ಹೋಗುವ ಹಾಗಿಲ್ಲ ಎಂದು ಪಾವ ಕಿಲೋ ಕುಂದಾ. ಶಿವರಾತ್ರಿಯ ಹಿಂದಿನ ದಿನ ಪ್ರಮಿಳಾ ಈ ಲೆಕ್ಕವನ್ನು ಬೆರಳ ಮೇಲೆ ಎರಡು ಸಲ ಹಾಕಿದಳು. ಎರಡು ಸಲವೂ ಖಾನಾಪುರವೇ ಗೆದ್ದಿತು.

ಆಕೆಗೆ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ, ಒಂಬತ್ತರಿಂದ ಆರು. ಶಿವಲಿಂಗ ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುವವನು. ನಿಖಿತಾ ಮೂರನೆಯ ಇಯತ್ತೆ. ದಾನುವಿಗೆ ನಾಲ್ಕು ವರ್ಷ. ಅವಳನ್ನು ಇಷ್ಟು ದಿನ ನೋಡಿಕೊಳ್ಳುತ್ತಿದ್ದ ಹೆಂಗಸು ಬೇರೆ ಓಣಿಗೆ ಮನೆ ಬದಲಿಸಿದ್ದಳು. ಆಟೋ ಖರ್ಚು ಹುಟ್ಟಿದ್ದೇ ಅದರಿಂದ. ಯುಗಾದಿಯವರೆಗೆ ಅಜ್ಜಿಯ ಹತ್ತಿರ ಇರಲಿ, ಹೊಂದಿಕೊಂಡರೆ ಜೂನಿನಿಂದ ಅಲ್ಲಿಯೇ ಸಾಲಿಗೆ ಹಾಕಿದರಾಯಿತು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ನಿಖಿತಾಳನ್ನು ಯಾರೂ ಕೇಳಲಿಲ್ಲ. ಎಂಟು ವರ್ಷದವಳನ್ನು ಏನು ಕೇಳುವುದು?

ಆದರೆ ದಾನುವಿನ ಬಾಯಿಯಿಂದ ಬಂದ ಮೊದಲ ಮಾತೇ 'ಅಕ್ಕ'. 'ಮಮ್ಮಿ' ಬಂದದ್ದು ಎರಡು ತಿಂಗಳ ಮೇಲೆ. ಆಗ ಪ್ರಮಿಳಾಗೆ ಒಳಗೊಳಗೇ ಹೊಟ್ಟೆಕಿಚ್ಚಾಗಿದ್ದುಂಟು. ಚಪ್ಪಲಿ ಹಾಕಲು ಅಕ್ಕ, ಬಾಳೆಹಣ್ಣು ಸುಲಿಯಲು ಅಕ್ಕ, ಬಿದ್ದರೆ ಅಳುವುದೂ ಅಕ್ಕನ ಹೆಸರಿಗೇ. ನಿಖಿತಾ ಬೈದುಕೊಳ್ಳುತ್ತಲೇ ಎಲ್ಲವನ್ನೂ ಮಾಡುತ್ತಿದ್ದಳು. ಶಾಲೆಯಲ್ಲಿ ಅವಳು ಮೂವತ್ತೆಂಟು ಮಕ್ಕಳಲ್ಲಿ ಒಬ್ಬಳು. ಮನೆಯಲ್ಲಿ ಅಕ್ಕ.

ಖಾನಾಪುರದ ಮನೆಯಲ್ಲಿ ಇರುವವರು ಇಬ್ಬರೇ, ಪ್ರಮಿಳಾಳ ತಾಯಿ ಬಸವಣ್ಣೆವ್ವ ಮತ್ತು ತಮ್ಮ ರೋಹನ. ರೋಹನನಿಗೆ ಇನ್ನೂ ಲಗ್ನವಾಗಿಲ್ಲ, ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ. ಮನೆಯ ಹಿತ್ತಲಿನಲ್ಲಿ ಒಂದು ಮಾವಿನ ಮರ. ದಾನುವನ್ನು ಬಿಟ್ಟು ಬಂದ ದಿನ ಮರ ಎಲೆ ಕಾಣದಷ್ಟು ಹೂಬಿಟ್ಟಿತ್ತು. ಮೊದಲ ಭಾನುವಾರ ಹೋದಾಗ ಮಗು ಅತ್ತಿತು. ಎರಡನೆಯ ಭಾನುವಾರ ಅಳಲಿಲ್ಲ. ಅಂದು ಪ್ರಮಿಳಾ ಬಸ್ಸಿನಲ್ಲಿ ಸಮಾಧಾನದಿಂದ ನಿದ್ದೆ ಮಾಡಿದಳು.

ಮೂರನೆಯ ಭಾನುವಾರ ಮೂವರೂ ಬಾಗಿಲಿಗೆ ಬರುವಷ್ಟರಲ್ಲಿ ದಾನು ಹಿತ್ತಲಿನಿಂದ ಓಡಿ ಬಂದಳು.

"ಅವ್ವಾ, ಅಕ್ಕ ಬಂದ್ಳು" ಎಂದು ಒಳಗೆ ಕೂಗಿ ಹೇಳಿದಳು.

ನಿಖಿತಾ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಎರಡೂ ಕೈ ಚಾಚಿದಳು. ದಾನು ಅವಳ ಪಕ್ಕದಿಂದ ಹಾದು ಹೋಗಿ ಪ್ರಮಿಳಾಳ ಮೊಣಕಾಲು ತಬ್ಬಿಕೊಂಡು, "ಅಕ್ಕಾ, ನನಗೇನ್ ತಂದಿ?" ಎಂದಳು.

ರೋಹನ ಬಿದ್ದು ಬಿದ್ದು ನಕ್ಕ. ಅವನು ಬಸವಣ್ಣೆವ್ವನನ್ನು ಅವ್ವ ಎನ್ನುತ್ತಾನೆ, ಪ್ರಮಿಳಾಳನ್ನು ಅಕ್ಕ. ಮನೆಯಲ್ಲಿ ಕೇಳುವುದೇ ಅವನ ಮಾತು, ಹಾಗಾಗಿ ಮಗು ಅವನ ಕಣ್ಣಿನಿಂದಲೇ ಎಲ್ಲರನ್ನೂ ನೋಡತೊಡಗಿತ್ತು. ಶಿವಲಿಂಗನೂ ನಕ್ಕು, ಹಂಗಾದ್ರ ನಾ ನಿನಗ ಮಾಮಾ ಆದ್ನೇನು ಎಂದು ಮಗಳ ಗಲ್ಲ ಹಿಂಡಿದ. ಪ್ರಮಿಳಾ ಕೂಡ ನಕ್ಕಳು. ನಗದವಳು ನಿಖಿತಾ ಒಬ್ಬಳೇ.

"ಮಮ್ಮಿ ಅಕ್ಕ ಆದ್ರ, ನಾ ಯಾರು?"

ದಾನು ಸ್ವಲ್ಪ ಹೊತ್ತು ವಿಚಾರ ಮಾಡಿದಳು. "ನೀ ನಿಖ್ಯಾ" ಎಂದಳು. ಅದೂ ರೋಹನ ಕರೆಯುವ ಹೆಸರೇ.

ನಿಖಿತಾ ಚೀಲ ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಎಲ್ಲರೂ ಮಲಪ್ರಭೆಯ ದಂಡೆಗೆ ಹೋಗಿ ಬಂದರು. ಅಲ್ಲಿ ದಾನು ಅವಳ ಕೈ ಹಿಡಿದೇ ನೀರಿಗಿಳಿದಳು, ಅವಳಿಂದಲೇ ಕಾಲು ಒರೆಸಿಕೊಂಡಳು. ಆದರೆ ಏನು ಬೇಕಾದರೂ ನಿಖ್ಯಾ, ನಿಖ್ಯಾ. ಚಾಕರಿ ಮೊದಲಿನಷ್ಟೇ ಇತ್ತು, ಪದವಿ ಹೋಗಿತ್ತು.

ಮನೆಗೆ ಬಂದ ಮೇಲೆ ಪ್ರಮಿಳಾ ಒಂದು ಉಪಾಯ ಮಾಡಿದಳು. ಪರ್ಸಿನಿಂದ ಚಾಕಲೇಟು ತೆಗೆದು, ಮಮ್ಮಿ ಅಂದರೆ ಕೊಡುತ್ತೇನೆ ಎಂದಳು. ದಾನು ತಡಮಾಡದೆ ಮಮ್ಮಿ ಎಂದು ಇಸಿದುಕೊಂಡಳು. ಕಾಗದ ಬಿಚ್ಚಲು ಬರಲಿಲ್ಲ. "ಅಕ್ಕಾ, ಹರದ ಕೊಡ" ಎಂದು ಮತ್ತೆ ಅವಳ ಕೈಗೇ ಕೊಟ್ಟಳು. ಈ ಸಲ ಪ್ರಮಿಳಾಗೆ ನಗು ಬರಲಿಲ್ಲ.

ಬಸವಣ್ಣೆವ್ವ ಹಿತ್ತಲಿನ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಕಲ್ಲಿನ ಮೇಲಿಟ್ಟು ಕುಟ್ಟುವುದು, ಬೀಜ ಒಂದು ಕಡೆ, ಹಣ್ಣು ಒಂದು ಕಡೆ. ರೋಹನ ಸಾಲಿಯ ಅರ್ಜಿ ತಂದು ಗೋಡೆಯ ಗೂಡಿನಲ್ಲಿಟ್ಟಿದ್ದ. ಫೀ ಬೆಳಗಾವಿಯ ಅರ್ಧ, ಯುಗಾದಿಯೊಳಗೆ ತಾಯಿ ಸಹಿ ಮಾಡಿ ಕೊಡಬೇಕು. ಪ್ರಮಿಳಾ ಅದನ್ನು ಓದಿ ತೊಡೆಯ ಮೇಲಿಟ್ಟುಕೊಂಡು ತಾಯಿಯ ಪಕ್ಕದಲ್ಲಿ ಕುಳಿತಳು. ಸಣ್ಣ ಹುಡುಗಿ, ಏನಾದರೂ ಕರೆಯಲಿ, ದೊಡ್ಡವಳಾದ ಮೇಲೆ ತಾನೇ ತಿದ್ದಿಕೊಳ್ಳುತ್ತಾಳೆ ಎಂದಳು. ಹೇಳಿದ್ದು ತಾಯಿಗೋ ತನಗೋ ಅವಳಿಗೇ ಗೊತ್ತಾಗಲಿಲ್ಲ.

ಬಸವಣ್ಣೆವ್ವ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ನಾನೂ ಬೀಡಿ ಊರಾಗ ಆಯಿ ಮನ್ಯಾಗ, ನಮ್ಮವ್ವನ ತವರಾಗ ಬೆಳದಾಕಿ. ಸೋದರಮಾವ ಅಕ್ಕಾ ಅಂತಿದ್ದ, ನಾನೂ ನಮ್ಮವ್ವಗ ಅಕ್ಕಾ ಅಂದೆ. ದೊಡ್ಡಾಕಿ ಆದಮ್ಯಾಲ ತಿದ್ದಕೋಬೇಕಂತ ಭಾಳ ಮಾಡಿದೆ, ನಾಲಗಿ ಹೊಳ್ಳಲಿಲ್ಲ. ಆಕಿ ಸತ್ತ ದಿನಾ ಹೆಣದ ಮುಂದ ಕುಂತು ಅಕ್ಕಾ ಅಕ್ಕಾ ಅಂತನ ಅತ್ತೆ. ಮಣ್ಣಿಗಿ ಬಂದ ಮಂದಿ, ಪಾಪ, ಅಕ್ಕ ಹೋಗ್ಯಾಳಂತ ತಿಳದ್ರು."

ಪ್ರಮಿಳಾ ಈ ಮಾತನ್ನು ಎಂದೂ ಕೇಳಿರಲಿಲ್ಲ. ಅಜ್ಜಿ ಸತ್ತಾಗ ಅವಳಿಗೆ ಆರು ವರ್ಷ.

"ಕೂಸು ಇಲ್ಲಿದ್ರ ನನಗ ಸಂತೋಷನ" ಎಂದಳು ಬಸವಣ್ಣೆವ್ವ. "ರಾತ್ರಿ ಬಗಲಾಗ ಮಲಗತೈತಿ. ಸುಳ್ಳ ಯಾಕ ಹೇಳಲಿ? ಆದ್ರ ಅವ್ವಾ ಅಂದಾಗೊಮ್ಮೆ ನಿನ್ನ ಪಾಲಿಂದು ತಿಂದಂಗ ಆಗತೈತಿ. ಸಹಿ ಮಾಡೂದು ಬಿಡೂದು ನಿನಗ ಬಿಟ್ಟದ್ದು."

ಪ್ರಮಿಳಾ ಅರ್ಜಿಯನ್ನು ಮತ್ತೆ ಗೂಡಿನಲ್ಲಿಟ್ಟಳು.

ಬಸ್ಸಿನಲ್ಲಿ ನಿಖಿತಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅರ್ಧ ದಾರಿ ಬಂದ ಮೇಲೆ, ಇನ್ನೊಂದು ಪಾಪು ಆದರೆ ಅದು ತನ್ನನ್ನು ಅಕ್ಕ ಎನ್ನುತ್ತದೆಯೇ ಎಂದು ಕೇಳಿದಳು. ಶಿವಲಿಂಗನಿಗೆ ಕೆಮ್ಮು ಬಂತು. ಕಂಡಕ್ಟರ್ ಕೂಡ ತಿರುಗಿ ನೋಡಿದ.

ಆ ವಾರವಿಡೀ ಗಂಡ ಹೆಂಡತಿ ಮತ್ತೆ ಲೆಕ್ಕ ಹಾಕಿದರು. ನೋಡಿಕೊಳ್ಳುತ್ತಿದ್ದ ಹೆಂಗಸು ಅಷ್ಟರಲ್ಲಿ ಬೇರೆಯವರ ಕೂಸನ್ನು ಒಪ್ಪಿಕೊಂಡಿದ್ದಳು, ಆ ದಾರಿ ಮುಚ್ಚಿತ್ತು. ಕರೆಯುವುದು ಏನಾದರೂ ಕರೆಯಲಿ, ಹೊಟ್ಟೆ ತುಂಬಾ ಉಣ್ಣುತ್ತದಲ್ಲ ಎಂಬುದು ಶಿವಲಿಂಗನ ಮೊದಲ ಮಾತು. ಮೂರು ದಿನಕ್ಕೆ ಅವನೇ ಸೂಪರ್‌ವೈಸರ್ ಹತ್ತಿರ ಹೋಗಿ ಎರಡನೆಯ ಪಾಳಿ ಕೇಳಿಕೊಂಡ. ಮಧ್ಯಾಹ್ನ ಮೂರರವರೆಗೆ ಮನೆಯಲ್ಲಿ ಅವನು. ಪ್ರಮಿಳಾ ಎಂಟರಿಂದ ಎರಡರ ಕೆಲಸ ಬರೆಸಿಕೊಂಡಳು. ಪಗಾರ ಹದಿನಾರು ಸಾವಿರ ಇದ್ದದ್ದು ಹತ್ತೂವರೆಗೆ ಇಳಿಯಿತು. ಕೌಂಟರಿನ ಮುಖ್ಯಸ್ಥೆಯ ಜಾಗ ಅವಳಿಗೇ ಎಂದು ಮಾತಾಗಿತ್ತು. ಅರ್ಧ ದಿನದವರಿಗೆ ಅದು ಸಿಗುವುದಿಲ್ಲ ಎಂದು ಮ್ಯಾನೇಜರು ನಯವಾಗಿಯೇ ಹೇಳಿದರು.

ಯುಗಾದಿಗೆ ಖಾನಾಪುರದ ಮರದಲ್ಲಿ ಮಿಡಿಗಳು ನೆಲ್ಲಿಕಾಯಿಯಷ್ಟಾಗಿದ್ದವು. ಬೇವು ಬೆಲ್ಲ ಆಯಿತು, ಹೋಳಿಗೆ ಊಟ ಆಯಿತು. ಸಹಿಯಿಲ್ಲದ ಅರ್ಜಿಯಲ್ಲಿ ಬಸವಣ್ಣೆವ್ವ ಬಿಡಿಸಿದ ಹುಣಸೆಹಣ್ಣಿನ ಉಂಡೆ ಕಟ್ಟಿ ಮಗಳ ಚೀಲಕ್ಕೆ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ ದಾನು ಅಜ್ಜಿಯ ಸೆರಗು ಬಿಡಲಿಲ್ಲ. ಅವ್ವಾ, ನಾ ಒಲ್ಲೆ ಎಂದು ಅತ್ತಳು.

"ಅವ್ವ ಅಲ್ಲಿ ನಿಂತಾಳ ನೋಡು" ಎಂದು ಬಸವಣ್ಣೆವ್ವ ಬೆರಳು ಒಂದೊಂದಾಗಿ ಬಿಡಿಸಿದಳು. "ನಾ ಆಯಿ." ಬಸ್ಸು ಹೊರಡುವವರೆಗೂ ಅವಳು ನಿಲ್ಲಲಿಲ್ಲ, ತಿರುಗಿ ನಡೆದಳು.

ಬೆಳಗಾವಿಯಲ್ಲಿ ನಾಲ್ಕು ದಿನ ದಾನು ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡಿದ್ದಳು. ಐದನೆಯ ದಿನ ಬಚ್ಚಲಿನಲ್ಲಿ ಸೋಪು ಕಣ್ಣಿಗೆ ಹೋಯಿತು. ಒಳಗಿನಿಂದ ಅಕ್ಕಾ ಎಂಬ ಕೂಗು ಕೇಳಿ ಪ್ರಮಿಳಾ ಒಲೆಯ ಮುಂದಿನಿಂದ ಎದ್ದು ಬಚ್ಚಲಿಗೆ ಬಂದಳು. ಅಷ್ಟರಲ್ಲಿ ದಾನು ತಾನೇ ತಿದ್ದಿದಳು: "ನೀ ಅಲ್ಲ. ಅಕ್ಕ." ನಿಖಿತಾ ಪುಸ್ತಕ ಬಿಸಾಕಿ ಓಡಿದಳು.

ಪ್ರಮಿಳಾಗೆ ಇನ್ನೂ ಎರಡು ವಾರ ಯಾವ ಹೆಸರೂ ಇರಲಿಲ್ಲ. ಏನಾದರೂ ಬೇಕಾದರೆ ದಾನು ಓಡಣಿ ಜಗ್ಗುತ್ತಿದ್ದಳು, ಅಷ್ಟೇ. ಒಂದು ಮಧ್ಯಾಹ್ನ ಪ್ರಮಿಳಾ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ದಾನು ಬಾಗಿಲಿನಿಂದ "ಅವ್ವಾ" ಎಂದಳು. ಮಮ್ಮಿ ಅಲ್ಲ, ಅವ್ವ. ಪ್ರಮಿಳಾ ತಿದ್ದಲಿಲ್ಲ.

ತಿಂಗಳಿಗೆ ಐದೂವರೆ ಸಾವಿರ ಹೋಯಿತು, ಮುಖ್ಯಸ್ಥೆಯ ಜಾಗ ಹೋಯಿತು. ಶಿವಲಿಂಗ ಮನೆಗೆ ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಖಾನಾಪುರದಲ್ಲಿ ಬಸವಣ್ಣೆವ್ವನ ಬಗಲು ಖಾಲಿಯಾಯಿತು. ನಿಖಿತಾ ಮತ್ತೆ ಅಕ್ಕ ಆದಳು, ಪ್ರಮಿಳಾ ಅವ್ವ ಆದಳು.