ನೋಡೋಣಪ್ಪನ ಮಂತ್ರಿಗಿರಿ

“ನಾಳೆ ಪ್ರಮಾಣವಚನ, ನಿಮ್ಮ ಹೆಸರಿದೆ,” ಎಂದರು ಮುಖ್ಯಮಂತ್ರಿ. ಅಭಿನಂದಿಸಲು ಬಂದವರಿಂದ ಹಾಲ್ ತುಂಬಿಹೋಗಿದ್ದರಿಂದ ಶಾಸಕರು ಫೋನ್ ಹಿಡಿದು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಅವರ ಅಕ್ಕ ಅಲ್ಲೇ ಕುಳಿತು ಬೀನ್ಸಿನ ನಾರು ಬಿಡಿಸುತ್ತಿದ್ದಳು. “ಒಂದೇ ವಿಷಯ,” ಮುಖ್ಯಮಂತ್ರಿ ಮುಂದುವರಿಸಿದರು. “ನಿಮ್ಮೂರಿಗೆ ಮಂಜೂರಾಗಿರೋ ಹೆರಿಗೆ ಆಸ್ಪತ್ರೆ ನನ್ನ ಕ್ಷೇತ್ರಕ್ಕೆ ಬರ್ಬೇಕು. ನೀವು ಹೂಂ ಅಂದ್ರೆ ಆಯ್ತು.”

ಶಾಸಕರಿಗೆ ಬೆನ್ನ ಹಿಂದೆ ಇದ್ದ ಹೆಸರು ನೋಡೋಣಪ್ಪ. ರಸ್ತೆ ಕೇಳಿದರೆ ನೋಡೋಣ, ವರ್ಗಾವಣೆ ಕೇಳಿದರೆ ನೋಡೋಣ. ಊಟಕ್ಕೆ ಏಳು ಎಂದರೂ ಇವನದು ಅದೇ ಉತ್ತರ ಎಂದು ಅಕ್ಕನ ದೂರು. ಅಡ್ಡಗೋಡೆಯ ಮೇಲೆ ದೀಪವಿಟ್ಟೇ ನಾಲ್ಕು ಚುನಾವಣೆ ಗೆದ್ದ ಘಾಟಿ ಆಸಾಮಿ. ಇಲ್ಲ ಎನ್ನದವನ ಮೇಲೆ ಯಾರಿಗೆ ತಾನೇ ಸಿಟ್ಟು ಬಂದೀತು?

ಆ ಅಭ್ಯಾಸ ತಪ್ಪಿದ್ದು ಒಂದೇ ಸಲ. ಹೋದ ವರ್ಷ ಅಕ್ಕನ ಸೊಸೆಯನ್ನು ಹೆರಿಗೆಗೆಂದು ದೂರದ ಪಟ್ಟಣಕ್ಕೆ ಒಯ್ಯುವಾಗ ದಾರಿಯಲ್ಲೇ ಮಗು ಹೋಯಿತು. ಅಂದು ಮನೆಯಲ್ಲಿ ಸೇರಿದ್ದ ಹೆಂಗಸರ ಮುಂದೆ ಶಾಸಕರು “ಆಸ್ಪತ್ರೆ ಆಗುತ್ತೆ” ಎಂದುಬಿಟ್ಟಿದ್ದರು. ಈಗ ಗೋಡೆಗಳು ಕಿಟಕಿಯ ಮಟ್ಟಕ್ಕೆ ಎದ್ದಿದ್ದವು.

ಮಂತ್ರಿಯಾಗುವ ಆಸೆ ಅವರಿಗಿತ್ತು, ಸುಳ್ಳೇಕೆ? ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದ ವಯಸ್ಸಿನಿಂದಲೂ ಇತ್ತು. ಅಕ್ಕ ತಲೆಯೆತ್ತಲಿಲ್ಲ, ಆದರೆ ಫೋನಿನ ಮಾತು ಕಿವಿಗೆ ಬಿದ್ದು ಅವಳ ಕೈ ನಿಂತಿತ್ತು.

“ಮತ್ತೆ ನೋಡೋಣ ಅನ್ಬೇಡಿ,” ಮುಖ್ಯಮಂತ್ರಿ ನಕ್ಕರು.

“ಅನ್ನಲ್ಲ. ಆಗಲ್ಲ ಸಾರ್.”

“ಏನಂದ್ರಿ?”

“ಆಗಲ್ಲ ಅಂದೆ. ಆಸ್ಪತ್ರೆ ಇಲ್ಲೇ ಇರುತ್ತೆ. ಒಂದು ಇಟ್ಟಿಗೆ ಅಲ್ಲಾಡಿದ್ರೂ ಇಡೀ ಊರನ್ನ ಕರ್ಕೊಂಡು ನಿಮ್ಮ ಮನೆ ಮುಂದೆ ಕೂತ್ಕೋತೀನಿ.”

“ಮಂತ್ರಿಗಿರಿ ಬೇಡ್ವಾ ಹಾಗಾದ್ರೆ?”

“ಬೇಕಿತ್ತು ಸಾರ್. ಈ ಬೆಲೆಗೆ ಬೇಡ.”

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಶಾಸಕರಿಗೆ ಯಾಕೋ ಒಂಥರಾ ಖುಷಿ.

“ಬಾಯಿ ಬಂತಲ್ಲೋ ನಿಂಗೆ,” ಎಂದಳು ಅಕ್ಕ. “ಬೇಜಾರಾಯ್ತೇನೋ?”

“ಆಯ್ತು ಕಣಕ್ಕಾ. ಆದ್ರೂ ಇನ್ನೊಂದ್ಸಲ ಕೇಳಿದ್ರೂ ಇದನ್ನೇ ಹೇಳ್ತೀನಿ.”

ಹಾಲ್‌ಗೆ ಬಂದು ಸುದ್ದಿಯನ್ನು ಅವರೇ ಹೇಳಿದರು. “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ,” ಎಂದು ಯಾರೋ ಲೊಚಗುಟ್ಟಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ಏನೇನೋ ಕೆಲಸ ನೆನಪಾಯಿತು.

ಮನೆ ಇದ್ದದ್ದು ಗಲ್ಲಿಯ ಕೊನೆಯಲ್ಲಿ. ಕಾರು ತಿರುಗಿಸಲು ಜಾಗವಿಲ್ಲ, ಬಂದವರೆಲ್ಲ ಹಿಂದಕ್ಕೇ ಹೋಗಬೇಕು. ಅಭಿನಂದಿಸಲು ಬಂದಿದ್ದ ಗುತ್ತಿಗೆದಾರನೊಬ್ಬನ ದೊಡ್ಡ ಕಾರು ಕಂಬಕ್ಕೆ ಉಜ್ಜುವುದರಲ್ಲಿತ್ತು. ಶಾಸಕರು ಅಂಗಿಯ ತೋಳು ಮಡಚಿ ಬೀದಿಗಿಳಿದು, ಅದರ ಹಿಂದೆ ನಿಂತು ಕೈಬೀಸತೊಡಗಿದರು.

“ಬರ್ಲಿ, ಬರ್ಲಿ,” ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದರು. “ಇನ್ನೂ ಬರ್ಲಿ.”