ಬಾಗಿಲಲ್ಲಿ ನಿಂತ ನಾಯಕಿ

ನಾಯಕಿ ಬಾಗಿಲಲ್ಲಿ ನಿಂತು ವಾರಗಳೇ ಆಗಿದ್ದವು. ಕೈಯಲ್ಲಿ ಅವಳೇ ಹೊಲಿದ ಅಂಗಿ, ಒಳಗೆ ಅವಳನ್ನು ಮೆಚ್ಚಿ ಕಾದು ಕೂತ ಗಂಡಸು. ಹೊಸ್ತಿಲು ದಾಟಿದರೆ ಧಾರಾವಾಹಿ ಮುಗಿದೇ ಹೋಗುತ್ತದೆ. ದಾಟದೆ ಹಿಂದಿರುಗಬೇಕಾದರೆ ಒಂದು ಕಾರಣ ಬೇಕು. ಆ ಕಾರಣವೇ ಅದನ್ನು ಬರೆಯುತ್ತಿದ್ದ ತಂಗಿಗೆ ಹೊಳೆಯುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಕೂತು ಬರೆದಳು, ಹೊಡೆದು ಹಾಕಿದಳು, ಪೆನ್ನಿನ ತುದಿ ಕಚ್ಚಿದಳು, ಕಿಟಕಿಯಿಂದ ಬೀದಿ ನೋಡಿದಳು. ಬೀದಿ ಬೀದಿಯ ಹಾಗೇ ಇತ್ತು.

ವಾರಪತ್ರಿಕೆಯ ಸಂಪಾದಕರ ಫೋನು ಬಂತು.

"ಏನಮ್ಮಾ, ನಿಮ್ಮ ನಾಯಕಿಗೆ ಕಾಲು ನೋಯಲ್ವಾ? ಇನ್ನೂ ಎಷ್ಟು ದಿನ ಅಂತ ನಿಲ್ಲಿಸ್ತೀರಿ?"

"ಇನ್ನೊಂದು ವಾರ ಸಾರ್..."

"ಆ ಇನ್ನೊಂದು ವಾರ ಹೋದ ವಾರವೇ ಮುಗೀತು. ಸೋಮವಾರ ಕಂತು ಬರದಿದ್ರೆ ಆ ಪುಟಕ್ಕೆ ಪದಬಂಧ ಹಾಕ್ತೀನಿ. ಪದಬಂಧ ಮಾಡೋರು ನಿಮ್ಮ ಥರ ಸತಾಯಿಸಲ್ಲ. ಮತ್ತೆ ಪುಟ ವಾಪಸ್ ಕೊಡಿ ಅಂತ ನನ್ನ ಹತ್ರ ಬರ್ಬೇಡಿ."

ಆ ಪುಟದ ನೆತ್ತಿಯ ಮೇಲೆ ತಂಗಿಯ ಹೆಸರು ಅಚ್ಚಾಗುತ್ತಿತ್ತು. ಲೋಕದಲ್ಲಿ ಅವಳ ಹೆಸರಿಗೆ ಇದ್ದ ಜಾಗ ಅದೊಂದೇ. ಕೆಳಗೆ ಬಾಗಿಲ ಮೇಲಿನ ಬೋರ್ಡು ಅಕ್ಕನ ಹೊಲಿಗೆಯದು. ಬೀದಿಯವರಿಗೆ ಇವಳು ಬರೀ 'ಟೈಲರಕ್ಕನ ತಂಗಿ'.

ಇಬ್ಬರನ್ನೂ ಸಾಕಿದ್ದು ಅಜ್ಜಿ. ಕಥೆ ಕೇಳುವವರು ಹೂಂ ಅನ್ನದಿದ್ದರೆ ಕಥೆ ದಾರಿ ತಪ್ಪಿ, ಹೇಳುವವರ ಹೊಟ್ಟೆಯೊಳಗೇ ಹೋಗಿ ಕೂರುತ್ತದೆ, ಆಮೇಲೆ ಏನು ತಿಂದರೂ ಅದೇ ತಿಂದು ಹಾಕುತ್ತದೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಅಜ್ಜಿ ಹೋದ ಮೇಲೆ ಕಥೆ ಹೇಳುವ ಕೆಲಸ ತಂಗಿಯ ಪಾಲಿಗೆ ಬಂತು, ಹೂಂ ಅನ್ನುವ ಕೆಲಸ ಅಕ್ಕನ ಪಾಲಿಗೆ. ತಂಗಿ ಬಟ್ಟೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಕೂತು ಕಂತನ್ನು ಬಾಯಲ್ಲೇ ಹೇಳುವಳು, ಅಕ್ಕ ಯಂತ್ರ ತುಳಿಯುತ್ತ ಹೂಂಗುಟ್ಟುವಳು. ಹೂಂ ಉದ್ದಕ್ಕೆ ಎಳೆದರೆ ಆ ಮಾತು ಉಳಿಯಿತು. ಯಂತ್ರದ ಸದ್ದಿನಲ್ಲಿ ಹೂಂ ಮುಳುಗಿ ಹೋದರೆ ಆ ಮಾತನ್ನು ಕಿತ್ತು ಹಾಕಬೇಕು. ತಂಗಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಈಗಿನ ಧಾರಾವಾಹಿಯನ್ನಂತೂ ಅವಳು ಕಟ್ಟಿದ್ದೇ ಅಕ್ಕನಿಂದ. ಸೂಜಿಗೆ ದಾರ ಪೋಣಿಸಲು ಆಗದೆ ಅಕ್ಕ ಬೀದಿಯ ಕೊನೆಯ ಕನ್ನಡಕದ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಉಗ್ಗುತ್ತಿದ್ದ. ನಲವತ್ತು ದಾಟಿದ ಒಂಟಿ ಮನುಷ್ಯ, ಮಾತಿಗಿಂತ ಕೈಯಲ್ಲಿ ಹೇಳಿದ್ದೇ ಹೆಚ್ಚು. ಮೂಗಿನ ಮೇಲೆ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಒತ್ತುವುದಿಲ್ಲ ತಾನೆ ಎಂದು ಎಷ್ಟೋ ಸಲ ಕೇಳಿದನಂತೆ. ಅಲ್ಲಿಂದ ಅಂಗಿ ಹೊಲಿಸುವ ನೆಪ ಅವನಿಗೆ, ಕಡ್ಡಿ ಸಡಿಲವಾಯಿತೆಂಬ ನೆಪ ಅಕ್ಕನಿಗೆ. ಅಕ್ಕ ಬಂದು ಹೇಳಿದ್ದನ್ನೆಲ್ಲ ತಂಗಿ ಗಡಿಯಾರ ರಿಪೇರಿಯವನ ತಲೆಗೆ ಕಟ್ಟಿ ಬರೆದಳು. ಓದುವವರು ಮುಂದಿನ ವಾರಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು.

ಒಂದು ಸಂಜೆ ಅಕ್ಕ ಬಂದವಳೇ ಬಾಗಿಲು ಹಾಕಿಕೊಂಡು ನಕ್ಕಳು.

"ಕೇಳೇಬಿಟ್ರು ಕಣೆ ಪುಟ್ಟಿ!"

"ಹೇಗೆ? ಹೇಗೆ ಕೇಳಿದ್ರು? ಪೂರ್ತಿ ಹೇಳು."

"ಅಯ್ಯೋ, ಮಾತು ಬರಬೇಕಲ್ಲ! ಹಿಂಗೆ ಗದ್ದ ಮೇಲೆತ್ತಿ, ಕಣ್ಣು ಮುಚ್ಕೊಂಡು, ಬಸ್ಸಿಗೆ ಕಾಯೋ ಹಾಗೆ ಮಾತಿಗೆ ಕಾಯ್ತಾರೆ." ಅಕ್ಕ ಮೇಜಿಗೆ ಕೈ ಊರಿ, ಕಣ್ಣು ಮುಚ್ಚಿ ಆಡಿ ತೋರಿಸಿದಳು. "'ನ... ನ... ನ...' ನಾನೇ ಹೇಳಿಬಿಡ್ಲಾ ಅನ್ಸುತ್ತೆ. ಆದ್ರೆ ಹೇಳಬಾರ್ದು, ಅವರೇ ಹೇಳಬೇಕು. ಕೊನೆಗೆ ಆ ಬಸ್ಸು ಬಂದಾಗ ಮುಖ ನೋಡ್ಬೇಕು ನೀನು! 'ನಮ್ಮ ಮನೆಗೆ ಬಂದುಬಿಡಿ' ಅಂದ್ರು."

ಅಕ್ಕನ ಕಣ್ಣಲ್ಲಿ ನೀರಿತ್ತು. ತಂಗಿಯೂ ನಕ್ಕಳು, ಅಕ್ಕನನ್ನು ತಬ್ಬಿಕೊಂಡಳು. ಮರುದಿನ ಬರೆಯಲು ಕೂತರೆ ಕೈ ಓಡಲಿಲ್ಲ. ರಾಜನೂ ರಾಣಿಯೂ ಸುಖವಾಗಿದ್ದರು ಅಂದ ಮೇಲೆ ಅಜ್ಜಿ ಒಂದು ಮಾತೂ ಮುಂದೆ ಹೇಳಿದವಳಲ್ಲ. ಸುಖಕ್ಕೆ ಕಥೆಯೇ ಇಲ್ಲ. ಕಥೆಯ ಗಡಿಯಾರದವನು ಮುಖ ತಿರುಗಿಸಬೇಕು. ಒಳ್ಳೆಯ ಗಂಡಸು, ಕಾಯುವುದು ಗೊತ್ತಿದ್ದ ಗಂಡಸು, ಯಾಕೆ ಮುಖ ತಿರುಗಿಸಿಯಾನು? ಬೇರೆ ಹೆಣ್ಣು, ಹಳೆಯ ಕಾಯಿಲೆ, ಅಡ್ಡಿ ಬರುವ ಅಮ್ಮ, ಎಲ್ಲವನ್ನೂ ಹೇಳಿ ನೋಡಿದಳು. ಅಕ್ಕ ಎಲ್ಲಕ್ಕೂ ಹೂಂ ಅಂದಳು, ಆದರೆ ಅವಳ ಹೂಂ ಈಗ ಬೇರೆಲ್ಲೋ ಇತ್ತು.

ಫೋನು ಬಂದ ಮರುದಿನ ತಂಗಿ ಅಕ್ಕನ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದಳು. ಸುಮ್ಮನೆ ಅವನ ಮುಖ ನೋಡಿ ಬರೋಣ, ಏನಾದರೂ ಹೊಳೆದೀತು ಎಂದೇ ಹೋದದ್ದು. ಹಾಗಂತ ತನಗೆ ತಾನೇ ಹೇಳಿಕೊಂಡಿದ್ದಳು.

"ಕಡ್ಡಿ ಸಡಿಲ ಆಗಿದ್ಯಂತೆ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಸಣ್ಣ ಸ್ಕ್ರೂಡ್ರೈವರು ಹಿಡಿದು, "ಅಕ್ಕ ಚೆ... ಚೆ..." ಎಂದವನು ನಿಂತ. ಗದ್ದ ಮೇಲೆದ್ದಿತು, ಕಣ್ಣು ಮುಚ್ಚಿತು, ಕೈ ಗಾಜಿನ ಮೇಜಿಗೆ ಊರಿತು. ಅಕ್ಕ ತೋರಿಸಿದ್ದರ ಪಡಿಯಚ್ಚು. ತಂಗಿಗೆ ತಡೆಯಲಾಗಲಿಲ್ಲ, ನಗು ಹಾರಿಬಿಟ್ಟಿತು.

ಅವನು ಕಣ್ಣು ಬಿಟ್ಟ. "ಯಾಕೆ ನ... ನಕ್ಕಿದ್ದು?"

"ಏನಿಲ್ಲ, ಅಕ್ಕ ಆಡಿ ತೋರಿಸ್ತಾಳಲ್ಲ, ಥೇಟ್ ಹಾಗೇ ಇದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಲ್ಲಿಯವರೆಗಿನದು ನಿಜವೂ ಆಗಿತ್ತು. ಆದರೆ ಅವನು, "ಹೂಂ," ಎಂದ.

ಉಗ್ಗುವ ಬಾಯಿಗೆ ತಡೆಯಿಲ್ಲದೆ ಬರುವ ಮಾತು ಅದೊಂದೇ. ಎಷ್ಟು ವಾರಗಳಿಂದ ಅಂಥ ಹೂಂ ಕೇಳಿರಲಿಲ್ಲ ತಂಗಿ! ಇಡೀ ಮನುಷ್ಯ ಅದರ ಹಿಂದೆ ನಿಂತಿದ್ದ. ಅವಳ ಮೈ ಜುಮ್ಮೆಂದಿತು.

"ರವಿಕೆ ಹೊಲಿಸೋಕೆ ಬರ್ತಾರಲ್ಲ ಹೆಂಗಸರು, ಅವರ ಮುಂದೆ ದಿನಾ ಒಂದಾಟ."

"ಹೂಂ."

"'ನ ನ ನ' ಅಂತ ಅವಳು ಮೇಜು ಹಿಡ್ಕೊಂಡು ನಿಂತ್ರೆ ಸಾಕು, ಎಲ್ಲರೂ ಹೊಟ್ಟೆ ಹಿಡ್ಕೊಂಡು ಬಿದ್ದು ಬಿದ್ದು ನಗ್ತಾರೆ. ಪಕ್ಕದ ಮನೆಯಾಕೆಯಂತೂ ಇನ್ನೊಂದ್ಸಲ, ಇನ್ನೊಂದ್ಸಲ ಅಂತಾಳೆ."

"ಹೂಂ."

"ಮದುವೆ ಆದ್ರೆ ಮನೇಲೇ ನಾಟಕ ಅಲ್ವೇನೇ, ಟಿಕೆಟ್ಟೂ ಬೇಡ, ಅಂತಾಳೆ ಅಕ್ಕ. ಪಾಪ, ತಮಾಷೆಗೆ. ನೀವು ಮನಸ್ಸಿಗೆ ಹಚ್ಕೋಬೇಡಿ."

ಹೆಂಗಸರಿಲ್ಲ, ಪಕ್ಕದ ಮನೆಯಾಕೆ ಇಲ್ಲ, ಟಿಕೆಟ್ಟಿನ ಮಾತು ಈಗಷ್ಟೇ ಬಾಯಲ್ಲಿ ಹುಟ್ಟಿದ್ದು. ಅವನ ಕೈ ಸ್ಕ್ರೂ ತಿರುಗಿಸುತ್ತಲೇ ಇತ್ತು. ಬಿಗಿಯಾಗಿ ಮುಗಿದ ಮೇಲೂ ತಿರುಗಿಸಿತು. ಚಿಟ್ ಎಂದು ಕನ್ನಡಕದ ಗಾಜಿನ ಮೂಲೆ ಬಿರಿಯಿತು. ಅವನು ಅದನ್ನೇ ನೋಡುತ್ತ ನಿಂತ. ತಂಗಿ ಆ 'ಚಿಟ್' ಅನ್ನು ಬೀಳದ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡಳು.

"ಹೊಸ ಗಾಜು ಹಾ... ಹಾ..." ಎಂದು ಬಾಯಿ ತೆರೆದವನು ಅವಳ ಮುಖ ನೋಡಿದ. ಬಾಯಿ ಮುಚ್ಚಿದ. ಹಾಕಿ ಕಳಿಸುತ್ತೇನೆ ಎಂದು ಕೈಸನ್ನೆ ಮಾಡಿದ.

ಮರುದಿನ ಮಧ್ಯಾಹ್ನ ಅವನೇ ಬಂದ. ತಂಗಿ ಮೆಟ್ಟಿಲ ಮೇಲೆ, ಕೆಳಗಿನವರಿಗೆ ಕಾಣದ ಹಾಗೆ ಕೂತಳು. ಅವನು ಕನ್ನಡಕವನ್ನು ಮೇಜಿನ ಮೇಲಿಟ್ಟ.

"ನೀವೇ ಯಾಕೆ ಬರೋಕೆ ಹೋದ್ರಿ? ಪುಟ್ಟಿ ಬರ್ತಿದ್ಲು," ಅಕ್ಕ ಎದ್ದು ಸೆರಗು ಸರಿ ಮಾಡಿಕೊಂಡಳು. "ಅಂಗಿ ಆಗಿದೆ, ಕಾಜಾ ಒಂದು ಉಳಿದಿದೆ ಅಷ್ಟೆ. ಕೂತ್ಕೊಳ್ಳಿ, ಈಗಲೇ ಮಾಡಿಕೊಡ್ತೀನಿ."

ಅವನು ಅಂಗಿಯ ಕಡೆ ಕೈ ಚಾಚಿದ.

"ಕಾಲರ್ ಸರಿ ಕೂರುತ್ತಾ ನೋಡೋಣ, ಒಂದ್ಸಲ ಹಾಕಿ... ಯಾಕೆ? ಏನಾಯ್ತು? ಹುಷಾರಿಲ್ವಾ?"

ತಲೆ ಆಡಿಸಿದ. ಹೌದೆಂದೂ ಆಗಬಹುದು, ಇಲ್ಲವೆಂದೂ ಆಗಬಹುದು.

"ನನ್ನಿಂದ ಏನಾದ್ರೂ ತಪ್ಪಾಯ್ತಾ? ಹೇಳಿ. ನಿಧಾನಕ್ಕೆ ಹೇಳಿ, ನಾನು ಕಾಯ್ತೀನಿ."

ಕಾಯ್ತೀನಿ ಎಂದದ್ದೇ ತಡ, ಯಾರೋ ಕೆನ್ನೆಗೆ ಹೊಡೆದ ಹಾಗೆ ಅವನು ಹಿಂದೆ ಸರಿದ. ಮೆಟ್ಟಿಲ ಕಡೆಗೆ, ಕಿಟಕಿಯ ಕಡೆಗೆ, ಹೆಂಗಸರು ಅಡಗಿ ನಿಂತಿದ್ದಾರೇನೋ ಎಂಬಂತೆ ಕಣ್ಣಾಡಿಸಿದ. ತುಟಿ ಬಿಗಿದಿದ್ದ. ಅವಳ ಮುಂದೆ ಇನ್ನೊಂದು ಅಕ್ಷರ ಆಡಲಾರೆ ಎಂಬುದು ಆ ತುಟಿಯಲ್ಲೇ ಇತ್ತು. ಮಡಿಸದ ಅಂಗಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಹೋದ. ಅಂಗಿಗೆ ಸಿಕ್ಕಿಕೊಂಡಿದ್ದ ಅಳತೆ ಟೇಪು ಹೊಸ್ತಿಲವರೆಗೆ ಎಳೆದುಕೊಂಡು ಹೋಗಿ ಬಿತ್ತು.

ಅಕ್ಕ ಟೇಪನ್ನು ಎತ್ತಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ತಂಗಿ ಸದ್ದಿಲ್ಲದೆ ಮೇಲೆ ಹೋಗಿ ಬರೆಯಲು ಕೂತಳು. ಕಟ್ಟೆ ಒಡೆದ ನೀರು! ಕೈ ಮನಸ್ಸಿಗಿಂತ ಮುಂದೆ ಓಡಿತು. ಗುರುತು ಸಿಗದಿರಲೆಂದು ಉಗ್ಗನ್ನು ತೆಗೆದು ಕುಂಟು ಹಾಕಿ ನೋಡಿದಳು, ವಾಕ್ಯ ಸತ್ತಿತು. ಚಾಡಿ ಹೇಳುವವಳನ್ನು ನೆರೆಮನೆಯವಳಾಗಿ ಮಾಡಿದಳು, ಅದೂ ನಿರ್ಜೀವ. ಹಾಗಾಗಿ ಉಗ್ಗು ಉಗ್ಗಾಗಿಯೇ ಉಳಿಯಿತು, ತಂಗಿ ತಂಗಿಯಾಗಿಯೇ. ಬರೆದದ್ದು ಚೆನ್ನಾಗಿದೆಯೆಂದು ಅವಳಿಗೇ ಗೊತ್ತಾಯಿತು. ಆದರೂ ಹೂಂ ಬೇಡವೇ?

ಅಕ್ಕ ಎರಡು ಸಲ ಅಂಗಡಿಗೆ ಹೋಗಿ ಬಂದಳು. ಅವಳನ್ನು ಕಂಡೊಡನೆ ಅವನು ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡನಂತೆ. ಭಾನುವಾರ ಅಕ್ಕ ತಾನಾಗಿಯೇ ಕರೆದಳು.

"ಏನಾದ್ರೂ ಓದೇ ಪುಟ್ಟಿ. ತಲೆ ಕೆಟ್ಟು ಹೋಗಿದೆ. ಬೇರೆ ಯಾರದ್ದಾದ್ರೂ ಕಷ್ಟ ಕೇಳೋಣ."

ತಂಗಿ ಓದಿದಳು. ಅಕ್ಕ ಗುಂಡಿ ಹೊಲಿಯುತ್ತ ಹೂಂ ಅಂದಳು. ಗಡಿಯಾರದವನು ಗದ್ದ ಎತ್ತಿ ಕಣ್ಣು ಮುಚ್ಚಿದಾಗ ಹೂಂ ಬಂತು, ಸ್ವಲ್ಪ ತಡವಾಗಿ. ನಾಯಕಿಯ ತಂಗಿ ಅವನ ಅಂಗಡಿಗೆ ಹೋದಾಗ ಸೂಜಿ ನಿಂತಿತು. ಟಿಕೆಟ್ಟಿನ ಮಾತಿಗೆ ಹೂಂ ಬರಲಿಲ್ಲ. ತಂಗಿ ತಲೆ ಎತ್ತಿದಳು.

"ನಾನು ಆಡಿ ತೋರಿಸಿದ್ದು ನಿನಗೊಬ್ಬಳಿಗೆ," ಅಕ್ಕ ಅಂದಳು.

"ಕಥೆ ಅಕ್ಕ ಇದು."

"ಅವತ್ತು ಅಂಗಡಿಗೆ ಯಾಕೆ ಹೋಗಿದ್ದೆ?"

ತಂಗಿ ಹಾಳೆಯ ಅಂಚನ್ನು ಮಡಿಸಿದಳು. "ಕಡ್ಡಿ ಬಿಗಿ ಮಾಡಿಸೋಕೆ."

"ಬೆಕ್ಕಿಗೆ ಆಟ," ಎಂದು ಅಕ್ಕ ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ ಕೇಳಿದಳು, "ಅವರು ಕೇಳ್ಲಿಲ್ವಾ? ಇದು ನಿಜಾನಾ ಅಂತ ಒಂದ್ಸಲನಾದ್ರೂ?"

ಇಲ್ಲೊಂದು ಸುಳ್ಳು ಹೇಳಿದ್ದರೆ ಪುಣ್ಯ ಬರುತ್ತಿತ್ತು. ಬೇಕಾದಲ್ಲೆಲ್ಲ ಸುಳ್ಳು ಹೆಣೆಯುವ ತಂಗಿಗೆ ಇಲ್ಲಿ ನಿಜವೇ ಬಾಯಿಗೆ ಬಂತು.

"ಇಲ್ಲ. ಹೂಂ ಅಂದ್ರು, ಅಷ್ಟೆ."

"ಎಲ್ಲದಕ್ಕೂ?"

"ಎಲ್ಲದಕ್ಕೂ."

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. "ಉಳಿದಿದ್ದು ಓದು."

ತಂಗಿ ಕೊನೆಯವರೆಗೂ ಓದಿದಳು. ಟೇಪು ಹೊಸ್ತಿಲಲ್ಲಿ ಬೀಳುವಲ್ಲಿಗೆ ಕಂತು ಮುಗಿದಿತ್ತು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ತಂಗಿಗೆ ಒಳಗೊಳಗೇ ಒಂದೇ ಪ್ರಶ್ನೆ ಕುದಿಯುತ್ತಿತ್ತು. ನಾಚಿಕೆಯಾದರೂ ಅದು ಹೊರಗೆ ಬಂದೇಬಿಟ್ಟಿತು.

"ಹೇಗಿದೆ?"

"ಚೆನ್ನಾಗಿದೆ," ಅಕ್ಕ ಅಂದಳು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ನೀನು ಇಲ್ಲಿವರೆಗೆ ಬರೆದಿದ್ರಲ್ಲಿ ಇದೇ ಚೆನ್ನಾಗಿರೋದು. ಕಳಿಸ್ತೀಯಾ?"

"ನಾಳೆ ಸೋಮವಾರ, ಅಕ್ಕ."

ಅಕ್ಕ ತಲೆದೂಗಿದಳು, ಅದಕ್ಕಿಂತ ಸರಿಯಾದ ಉತ್ತರವೇ ಇಲ್ಲವೆಂಬಂತೆ. ಯಂತ್ರದ ಮೇಲೆ ಹೊದಿಕೆ ಎಳೆದಳು. ಒಳಗೆ ಹೋಗಿ ಕೈಚೀಲ ತಂದಳು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊರಟೆ? ಅವರ ಹತ್ರಾನಾ? ಹೋಗಿ ಏನು ಹೇಳ್ತೀಯಾ?"

ಅಕ್ಕ ತಿರುಗಿ ಅವಳನ್ನು ನೋಡಿದಳು. ತಾಯಿಯಿಲ್ಲದ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಅದರ ಮುಖವನ್ನು ಇವತ್ತೇ ಮೊದಲು ಕಂಡ ಹಾಗೆ ನೋಡಿದಳು.

"ಯಾಕೆ, ಅದೂ ಬೇಕಾ?"

ಬೇಡ ಎನ್ನಲು ತಂಗಿ ಬಾಯಿ ತೆರೆದಳು. ಬೇಡ ಎಂಬ ಮಾತು ಬರಲಿಲ್ಲ.

ಬಾಗಿಲು ಹಾಕಿದ ಸದ್ದಾಯಿತು. ಬಲಕ್ಕೆ ಹೋದರೆ ಕನ್ನಡಕದ ಅಂಗಡಿ, ಎಡಕ್ಕೆ ಹೋದರೆ ಬಸ್ಸು ನಿಲ್ಲುವ ಜಾಗ. ಅಕ್ಕ ಯಾವ ಕಡೆ ಹೋಗುತ್ತಾಳೆ ನೋಡಬೇಕೆಂದು ತಂಗಿ ಮೆಟ್ಟಿಲು ಹತ್ತಿ ಕಿಟಕಿಗೆ ಓಡಿದಳು. ಮೇಜಿನ ಮೇಲೆ ಪೆನ್ನು ಮುಚ್ಚಳ ತೆಗೆದೇ ಬಿದ್ದಿತ್ತು. 'ಯಾಕೆ, ಅದೂ ಬೇಕಾ' ಎಂಬ ಮಾತನ್ನು ಮರೆಯುವ ಮುಂಚೆ ಬರೆದಿಟ್ಟುಬಿಡೋಣ, ಒಂದೇ ಸಾಲು ತಾನೆ, ಎಂದು ಕೂತಳು. ಆ ಸಾಲಿಗೆ ಇನ್ನೊಂದು ಸಾಲು ತಾನಾಗಿ ಬಂತು, ಅದರ ಹಿಂದೆ ಮತ್ತೊಂದು.

ತಲೆ ಎತ್ತುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು. ತಂಗಿ ಹಾಳೆ ಮಗುಚಿ ಮುಂದೆ ಬರೆದಳು.