ಮೂರನೆಯ ಮಗು

ದ್ವೀಪಕ್ಕೆ ಹೋಗುವುದೆಂದು ತೀರ್ಮಾನವಾಗಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಅಲ್ಲಿ ಯಾವ ರೆಸಾರ್ಟಿನಲ್ಲಿ ಉಳಿಯುವುದೆಂಬ ಜಗಳ ಮಾತ್ರ ವಾರಗಟ್ಟಲೆಯಿಂದ ನಡೆದೇ ಇತ್ತು. ಭಾನುವಾರ ಬೆಳಿಗ್ಗೆ ಖಾಲಿ ಕಾಫಿ ಲೋಟಗಳನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಪುಟ್ಟಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೇರೆಯವರು ನಾಲ್ಕು ಕಡೆ ಚುಚ್ಚಿ ಕೈಬಿಟ್ಟ ರೋಗಿಗಳನ್ನು ಅವಳ ಮುಂದೆ ತಂದು ಕೂರಿಸುತ್ತಿದ್ದರು. ಕನ್ನಡಕ ಬಂದಿತ್ತು, ಕಿವಿಯ ಹಿಂದೆ ನರೆಯೂ ಇಣುಕಿತ್ತು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಕೇಳಿ ಕೇಳಿ ದಣಿದು ಸುಮ್ಮನಾಗಿದ್ದರು. ಅಣ್ಣ, ಅತ್ತಿಗೆ, ಅಮ್ಮ, ಅಣ್ಣನ ಇಬ್ಬರು ಮಕ್ಕಳು ಇರುವ ಈ ಮನೆಯಲ್ಲಿ ಅವಳು ಇನ್ನೂ ಪುಟ್ಟಿಯೇ. ಕಂಪ್ಯೂಟರ್ ಬರುತ್ತದೆ, ಹೇಳಿದ ಕೆಲಸಕ್ಕೆ ಇಲ್ಲ ಅನ್ನುವುದಿಲ್ಲ. ಹೀಗಾಗಿ ರೆಸಾರ್ಟು ಹುಡುಕುವ ಕೆಲಸ ತಾನಾಗಿಯೇ ಅವಳ ತಲೆಗೆ ಬಂದಿತ್ತು.

ಹುಡುಕಿ ಹುಡುಕಿ ಕೊನೆಗೆ ಎರಡು ಉಳಿದಿದ್ದವು. ಒಂದರಲ್ಲಿ ನೀರಿನ ಜಾರುಬಂಡೆ ಇತ್ತು, ಸಮುದ್ರ ಸ್ವಲ್ಪ ದೂರ. ಇನ್ನೊಂದು ಮರಳಿನ ಮೇಲೇ ಇತ್ತು. ಅಲ್ಲಿ ಮಕ್ಕಳನ್ನು ಹಗಲೆಲ್ಲ ಆಡಿಸುವುದಕ್ಕೆಂದೇ ಒಂದು ಕೋಣೆ, ನೋಡಿಕೊಳ್ಳಲು ಹೆಂಗಸರು. ಆದರೆ ರೂಮುಗಳು ಹೆಚ್ಚಾಗಿ ಮೇಲ್ಮಹಡಿಯಲ್ಲಿ.

"ಮೆಟ್ಟಿಲು ಅಂದ್ರೆ ನಾನು ಬರೋದೇ ಇಲ್ಲ," ಎಂದರು ಅಮ್ಮ, ಮಂಡಿ ನೀವಿಕೊಳ್ಳುತ್ತ.

"ಅಮ್ಮ, ಕೆಳಗೂ ಒಂದು ರೂಮಿದೆಯಂತೆ. ಕೇಳಿದೀನಿ."

ಅದು ಯಾರ ಕಿವಿಗೂ ಬೀಳಲಿಲ್ಲ. ಅತ್ತಿಗೆಗೆ ಕಿಟಕಿ ತೆರೆದರೆ ಸಮುದ್ರ ಕಾಣಬೇಕು. ಅಣ್ಣನಿಗೆ ಮೀನು ಹಿಡಿಯಲು ದೋಣಿ ಬೇಕು. ಮಕ್ಕಳಿಗೆ ಜಾರುಬಂಡೆಯ ಹೊರತು ಪ್ರಪಂಚದಲ್ಲಿ ಬೇರೇನೂ ಬೇಡ; ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಆಗಲೇ ಈಜುಕನ್ನಡಕ ಹಾಕಿಕೊಂಡು ಸೋಫಾದಿಂದ ಕೆಳಗೆ ಧುಮುಕುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವರೆಲ್ಲರ ನಡುವೆ ಪುಟ್ಟಿ ಬಚ್ಚಲಿನ ನೆಲ ಜಾರುತ್ತದೆಯೇ, ದೋಣಿಯಲ್ಲಿ ಲೈಫ್ ಜಾಕೆಟ್ ಕೊಡುತ್ತಾರೆಯೇ ಎಂದು ಎರಡೂ ಕಡೆಗೆ ಫೋನು ಮಾಡಿ ಮಾಡಿ, ಅಲ್ಲಿನವರು ಈಗ ಅವಳ ದನಿ ಗುರುತಿಸುವಷ್ಟಾಗಿತ್ತು.

ನಿನಗೇನು ಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದೇ ಒಂದು ಆಸೆ ಅವಳಿಗಿತ್ತು. ಬಾಗಿಲು ಹಾಕಿಕೊಂಡು ಮಲಗಿ, ತಾನಾಗಿ ಎಚ್ಚರವಾಗುವವರೆಗೆ ನಿದ್ದೆ ಮಾಡಬೇಕು. ಮನೆಯಲ್ಲಿ ಅವಳು ಅಮ್ಮನ ರೂಮಿನ ಪಾಲುದಾರಳು. ಅಮ್ಮ ನಸುಕಿನಲ್ಲೇ ರೇಡಿಯೋ ಹಾಕುವವರು. ಪ್ರವಾಸ ಹೋದರೆ ನೆಲದ ಮೇಲೊಂದು ತೆಳು ಹಾಸಿಗೆ, ಎಡಗಡೆ ಒಂದು ಮಗು, ಬಲಗಡೆ ಇನ್ನೊಂದು. ಹಿಂದಿನ ವಾರ ಧೈರ್ಯ ಮಾಡಿ "ನನಗೊಂದು ಚಿಕ್ಕ ರೂಮು..." ಎಂದು ಬಾಯಿ ತೆರೆದಿದ್ದಳು. "ಒಬ್ಬಳಿಗೆ ಒಂದು ರೂಮೇ? ಅಷ್ಟು ದೊಡ್ಡ ರೂಮಲ್ಲಿ ಒಬ್ಬಳೇ ದೆವ್ವದ ಥರ ಏನ್ ಮಾಡ್ತೀಯಾ?" ಎಂದು ಅಮ್ಮ ನಕ್ಕಿದ್ದರು. ಎಲ್ಲರೂ ನಕ್ಕಿದ್ದರು. ನಾಚಿಕೆಗೆಟ್ಟವಳಂತೆ ಪುಟ್ಟಿಯೂ ನಕ್ಕುಬಿಟ್ಟಿದ್ದಳು.

"ಕೊಡಿಲ್ಲಿ, ನಿಮ್ಮನ್ನ ನಂಬಿದ್ರೆ ಮುಂದಿನ ಜನ್ಮಕ್ಕೆ ಹೋಗ್ಬೇಕು," ಎಂದು ಅಣ್ಣ ಲ್ಯಾಪ್‌ಟಾಪ್ ಎಳೆದುಕೊಂಡ. ಅವನು ಡ್ರೈವಿಂಗ್ ಸ್ಕೂಲಿನ ಮಾಸ್ತರ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಬ್ರೇಕು ತಾನು ಒತ್ತಿ ಅಭ್ಯಾಸ. ಜಾರುಬಂಡೆಯ ರೆಸಾರ್ಟನ್ನೇ ಆರಿಸಿ, ಟಕಟಕನೆ ಏನೇನೋ ಒತ್ತಿ, ಗೆದ್ದವನಂತೆ ಕುರ್ಚಿಗೆ ಒರಗಿದ.

ಸ್ವಲ್ಪ ಹೊತ್ತಿಗೆ ಅವನ ಫೋನು ರಿಂಗಾಯಿತು. ಎಲ್ಲರಿಗೂ ಕೇಳಲೆಂದು ಅಣ್ಣ ಸ್ಪೀಕರ್ ಹಾಕಿದ. ರೆಸಾರ್ಟಿನ ಹುಡುಗಿ ಬಹಳ ವಿನಯದಿಂದ ಮಾತಾಡಿದಳು.

"ಸರ್, ದೊಡ್ಡವರು ಮೂರು, ಮಕ್ಕಳು ಮೂರು, ಎರಡು ರೂಮು. ಸರಿ ತಾನೇ ಸರ್?"

"ಸರಿ, ಸರಿ."

"ಮಕ್ಕಳಿಗೆ ಅರ್ಧ ಚಾರ್ಜು ಸರ್. ಅವರ ವಯಸ್ಸು ಹೇಳ್ತೀರಾ?"

"ದೊಡ್ಡೋಳಿಗೆ ಒಂಬತ್ತು. ಚಿಕ್ಕೋನಿಗೆ ಆರು."

"ಮೂರನೇ ಮಗುಗೆ ಸರ್?"

ಅಣ್ಣ ಸ್ಪೀಕರ್ ಆರಿಸಲು ಹೋಗಿ ಗಾಬರಿಯಲ್ಲಿ ದನಿಯನ್ನೇ ಏರಿಸಿಬಿಟ್ಟ. "ತುಂಬಾ ಚಿಕ್ಕ ಪಾಪು ಆದ್ರೆ ತೊಟ್ಟಿಲು ಕೊಡ್ತೀವಿ ಸರ್," ಎಂದು ಹುಡುಗಿಯ ಮಾತು ಮನೆ ತುಂಬ ಮೊಳಗಿತು.

ಪುಟ್ಟಿ ಮೇಜಿನ ಮೇಲೆ ಬಾಗಿ ಫೋನಿಗೆ ಬಾಯಿ ಕೊಟ್ಟಳು. "ನಲವತ್ತೊಂದು. ತೊಟ್ಟಿಲು ಬೇಡಮ್ಮ, ಕಾಲು ಹಿಡಿಸಲ್ಲ."

ಅಣ್ಣ "ಆಮೇಲೆ ಮಾಡ್ತೀನಿ" ಎಂದು ಗೊಣಗಿ ಫೋನು ಇಟ್ಟ.

"ನಾನು ಬರಲ್ಲ," ಎಂದಳು ಪುಟ್ಟಿ.

"ಅಯ್ಯೋ, ಅದೊಂದು ಲೆಕ್ಕಕ್ಕೆ ಹಾಗೆ ಹಾಕಿದ್ದು ಕಣೆ! ನೀನು ಮಕ್ಕಳ ಜೊತೆ ತಾನೇ ಮಲಗೋದು? ಅದಕ್ಕೇ ಆ ಕಡೆ ಸೇರಿಸಿದೆ."

"ಮಕ್ಕಳನ್ನ ನೋಡ್ಕೊಳ್ಳೋವಾಗ ದೊಡ್ಡೋಳು, ಚಾರ್ಜು ಕೊಡೋವಾಗ ಮಗು. ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಲ್ವಾ ಅಣ್ಣ?"

"ಅಷ್ಟು ಸಣ್ಣದಕ್ಕೆ ಇಷ್ಟು ಕೋಪವೇ?" ಎಂದರು ಅಮ್ಮ. "ಮಕ್ಕಳು ಅಂದ್ರೆ ನಿನಗೆ ಪ್ರಾಣ ಅಲ್ವೇನೇ?"

"ಪ್ರಾಣಾನೇ ಅಮ್ಮ. ಅದಕ್ಕೆ ನನ್ನ ನಿದ್ದೇನೂ ಕೊಡ್ಬೇಕಾ?"

ಅತ್ತಿಗೆ ಇಷ್ಟು ಹೊತ್ತು ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತ ನಿಂತಿದ್ದರು. ಈಗ ನಿಧಾನವಾಗಿ ಬಾಯಿಬಿಟ್ಟರು. "ನಾನು ಸುಳ್ಳು ಹೇಳಲ್ಲ ಪುಟ್ಟಿ. ನೀನಿದ್ರೆ ಮಾತ್ರ ನಾನು ನೀರಿಗೆ ಕಾಲಿಡೋದು. ನೀನಿಲ್ದೇ ಇದ್ರೆ ನಾನು ದಡದಲ್ಲಿ ಟವೆಲ್ ಹಿಡ್ಕೊಂಡು ನಿಂತಿರ್ತೀನಿ. ಅದಕ್ಕೇ ನಾನೂ ಸುಮ್ಮನಿದ್ದೆ. ತಪ್ಪು ನನ್ನದೂ ಇದೆ." ಪುಟ್ಟಿಯ ಕೋಪದ ಅರ್ಧಭಾಗ ಅಲ್ಲೇ ಇಳಿಯಿತು. ಉಳಿದರ್ಧವನ್ನು ಅವಳು ಅಣ್ಣನಿಗಾಗಿ ಜೋಪಾನವಾಗಿ ಇಟ್ಟುಕೊಂಡಳು.

ಅಣ್ಣ ಸೋಲುವ ಆಸಾಮಿಯಲ್ಲ. "ನೆಲದ ಮೇಲೆ ನಾಲ್ಕು ದಿನ ಮಲಗಿದ್ರೆ ಯಾರ ಸೊಂಟ ಮುರಿದುಹೋಗುತ್ತೆ?" ಎಂದ.

"ಹಾಗಾದ್ರೆ ಇವತ್ತು ಮಧ್ಯಾಹ್ನ ನೀನೇ ಮಲಗು."

ಅಣ್ಣನ ಭಾನುವಾರದ ಮಧ್ಯಾಹ್ನದ ನಿದ್ದೆ ಆ ಮನೆಯಲ್ಲಿ ಕಾನೂನಿದ್ದಂತೆ. ಆ ಹೊತ್ತಿನಲ್ಲಿ ಯಾರೂ ಚಮಚ ಕೂಡ ಬೀಳಿಸುವಂತಿರಲಿಲ್ಲ. ಆದರೆ ಮೀಸೆ ಮಣ್ಣಾಗಬಾರದಲ್ಲ! "ಅದಕ್ಕೇನಂತೆ!" ಎಂದ. ಊಟವಾದ ಮೇಲೆ ಪುಟ್ಟಿ ಅಟ್ಟದಿಂದ ಆ ತೆಳು ಹಾಸಿಗೆ ಇಳಿಸಿ ಮಕ್ಕಳ ರೂಮಿನ ನೆಲಕ್ಕೆ ಹಾಸಿದಳು. ಎಡಗಡೆ ಒಂದು, ಬಲಗಡೆ ಒಂದು, ನಡುವೆ ಡ್ರೈವಿಂಗ್ ಮಾಸ್ತರ. ಅವಳು ಬಾಗಿಲು ಎಳೆದುಕೊಂಡು ಬಂದು ಮೇಜಿನ ಬಳಿ ಕೂತಳು.

ಮೊದಲು ಪಿಸುಮಾತು ಕೇಳಿಸಿತು. ಆಮೇಲೆ "ಅಪ್ಪಾ, ನೀರು." ಆಮೇಲೆ "ಅಪ್ಪಾ, ಇವಳು ನನ್ನ ದಿಂಬು ತಗೊಂಡ್ಲು." ಆಮೇಲೆ "ಅಪ್ಪಾ, ಮೀನು ಕಣ್ಣು ಮುಚ್ಚಿ ಮಲಗುತ್ತಾ?" ಆಮೇಲೆ ಧೊಪ್ಪೆಂದು ಒಂದು ಸದ್ದು, ಅದರ ಹಿಂದೆಯೇ "ಅಯ್ಯೋ, ಮೂಗು!" ಎಂದು ಅಣ್ಣನ ದನಿ. ಅಡುಗೆಮನೆಯಲ್ಲಿ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದರು. ಪುಟ್ಟಿಗೆ ಮಾತ್ರ ನಗು ಬರಲಿಲ್ಲ. ಆ ಒಂದೊಂದು ಸದ್ದೂ ಅವಳಿಗೆ ಬಾಯಿಪಾಠವಾಗಿತ್ತು.

ಅಣ್ಣ ಹೊರಬಂದಾಗ ಕೂದಲು ಕೆದರಿತ್ತು, ಮೂಗು ಕೆಂಪಾಗಿತ್ತು, ಒಂದು ಕೈ ಸೊಂಟದ ಮೇಲಿತ್ತು. ಕುರ್ಚಿ ಎಳೆದು ತಂಗಿಯ ಎದುರು ಕೂತ. ಬೈಯುತ್ತಾನೆಂದು ಅವಳು ಕಾದಳು.

"ಪ್ರತಿ ಸಲಾನೂ ಹೀಗೇನಾ?"

"ಪ್ರತಿ ಸಲಾನೂ. ಚಿಕ್ಕೋನು ಹುಟ್ಟಿದಾಗಿಂದ."

"ಮತ್ತೆ ಹೇಳ್ಬಾರ್ದಾ?"

"ಹೇಳಿದ್ನಲ್ಲ, ಹೋದ ವಾರ. ಎಲ್ಲರೂ ನಕ್ರಿ."

ಅವನು ಮುಖ ಉಜ್ಜಿಕೊಂಡ. "ಹೌದು. ನಾನೂ ನಕ್ಕೆ," ಎಂದ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಎಂದೂ ಬಂದದ್ದಿಲ್ಲ; ಆಗಲೂ ಬರಲಿಲ್ಲ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಮಕ್ಕಳನ್ನ ನೋಡ್ಕೊಳ್ಳೋರು ಇರೋದು ಯಾವುದು, ಮರಳಿನ ಮೇಲಿರೋದಾ?" ಎಂದು ಕೇಳಿ, ಆ ಇನ್ನೊಂದು ರೆಸಾರ್ಟಿಗೆ ತಾನೇ ಫೋನು ಹಚ್ಚಿದ.

"ಮೂರು ರೂಮು ಬೇಕು. ಒಂದು ಕೆಳಗಡೆ, ನಮ್ಮಮ್ಮನಿಗೆ ಮೆಟ್ಟಿಲು ಆಗಲ್ಲ."

"ಕೆಳಗಡೆ ರೂಮಿದೆಯಾ? ನನಗೆ ಯಾರೂ ಹೇಳ್ಲೇ ಇಲ್ಲ," ಎಂದರು ಅಮ್ಮ. ಪುಟ್ಟಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅಮ್ಮ ಅಷ್ಟಕ್ಕೇ ನಿಲ್ಲಲಿಲ್ಲ. "ಆದ್ರೂ ಒಬ್ಬಳಿಗೆ ಒಂದು..."

"ಒಬ್ಬಳು ಅಂದ್ರೂ ಒಬ್ಬಳು ತಾನೇ ಅಮ್ಮ? ಅರ್ಧ ಅಲ್ವಲ್ಲ," ಎಂದ ಅಣ್ಣ. ಅಮ್ಮ ಅವನ ಕೆಂಪು ಮೂಗನ್ನು ನೋಡಿ ಮತ್ತೆ ಮಂಡಿ ನೀವಿಕೊಳ್ಳತೊಡಗಿದರು.

"ಮೂರನೇ ರೂಮಿಗೆ ತೋಟದ ಕಡೆ ಕಿಟಕಿ ಕೊಡ್ಲಾ, ಸಮುದ್ರದ ಕಡೆ ಕೊಡ್ಲಾ ಸರ್?" ಎಂದು ಆ ಕಡೆಯ ಗುಮಾಸ್ತ ಕೇಳಿದ. ಅಣ್ಣ ಎಂದಿನಂತೆ ಉತ್ತರ ಹೇಳಲು ಬಾಯಿ ತೆರೆದವನು ಅಲ್ಲೇ ತಡೆದುಕೊಂಡ. ಫೋನನ್ನು ತಂಗಿಯ ಮುಂದೆ ಹಿಡಿದ.

ಅಮ್ಮನ ಮಂಡಿ, ಅತ್ತಿಗೆಯ ಕಿಟಕಿ, ಅಣ್ಣನ ದೋಣಿ, ಮಕ್ಕಳ ಜಾರುಬಂಡೆ ಎಲ್ಲವೂ ಪುಟ್ಟಿಗೆ ಗೊತ್ತು. ತನಗೆ ಯಾವ ಕಡೆಯ ಕಿಟಕಿ ಇಷ್ಟ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಆ ಕಡೆಯವನು ಹಲೋ, ಹಲೋ ಎನ್ನುತ್ತಿದ್ದ. ಅಪರೂಪಕ್ಕೆ ಮನೆಯಲ್ಲಿ ಯಾರೂ ಅವಸರ ಮಾಡಲಿಲ್ಲ.

"ಸಮುದ್ರದ ಕಡೆ," ಎಂದಳು ಕೊನೆಗೆ. "ಬಾಗಿಲಿಗೆ ಒಳಗಿಂದ ಚಿಲಕ ಇದೆ ತಾನೇ?"

"ಎಲ್ಲ ರೂಮಿಗೂ ಇರುತ್ತೆ ಮೇಡಂ," ಎಂದು ಅವನು ನಕ್ಕ. "ಆ ರೂಮಿಗೆ ಎಷ್ಟು ಜನ ಅಂತ ಬರ್ಕೊಳ್ಲಿ?"

"ಒಬ್ರು," ಎಂದಳು ಪುಟ್ಟಿ. "ದೊಡ್ಡೋರು."